ಬೇಸಿಗೆಯ ಧರಣ, ಸುಲಭದ ಮೀನು

ಮೇ ತಿಂಗಳಲ್ಲಿ ಧರಣಕ್ಕೆ, ಅಂದರೆ ಅಣೆಕಟ್ಟಿನ ನೀರಿಗೆ, ಹೋದರೆ ಮೀನು ಸಲೀಸಾಗಿ ಸಿಗುತ್ತದೆ ಎಂದು ನಿಮಗೆ ಯಾರೋ ಹೇಳಿದ್ದಾರೆ. ಹೇಳಿದವರು ಸುಳ್ಳು ಹೇಳಿಲ್ಲ. ನೀರು ಇಳಿದಿರುತ್ತದೆ. ಮಳೆಗಾಲದಲ್ಲಿ ಹತ್ತಾರು ಊರಿನ ಸೀಮೆಗೆ ಹರಡಿಕೊಂಡಿದ್ದ ಮೀನೆಲ್ಲ ಉಳಿದಷ್ಟು ನೀರಿನಲ್ಲಿ ಒತ್ತಾಗಿ ಸೇರಿರುತ್ತದೆ. ಸುಲಭ ಎಂಬ ಆ ಒಂದೇ ಕಾರಣಕ್ಕೆ ನಿಮ್ಮನ್ನು ಕೂರಿಸಿಕೊಂಡು ಇಷ್ಟು ಮಾತಾಡಬೇಕಾಗಿದೆ, ತಮ್ಮಗಳಿರಾ. ದೀಪಾವಳಿ ಸೂಟಿಯಲ್ಲಿ ಬಂದು ಕೇಳಿದ್ದರೆ 'ಹೋಗಿ ಬರ್ರಿ, ಹುಷಾರಿ' ಎಂದು ಮುಗಿಸಿಬಿಡುತ್ತಿದ್ದೆ.

ನೀವು ಪುಣೆ, ಹೈದರಾಬಾದ್, ಬೆಂಗಳೂರಿನಿಂದ ಸೂಟಿಗೆ ಬಂದವರು. ಕೈಯಲ್ಲಿ ಆನ್‌ಲೈನಿನಲ್ಲಿ ತರಿಸಿದ ರಾಡು, ರೀಲು. ಡಬ್ಬಿಯ ತುಂಬ ಹೊಳೆಯುವ ತಗಡಿನ ಮೀನು, ರಬ್ಬರಿನ ಹುಳ. ಇದಕ್ಕೆಲ್ಲ ಮೂಲ ಶಿಕಾಗೋದಲ್ಲಿರುವ ನಮ್ಮ ಮನೆತನದ ಹುಡುಗ ಕಳಿಸಿದ ವಿಡಿಯೊ ಎಂಬುದೂ ಗೊತ್ತು. ನನ್ನ ಫೋನಿಗೂ ಬಂದಿದೆ. ಮಿಶಿಗನ್ ಸರೋವರ, ಜುಲೈ ತಿಂಗಳು, ದಂಡೆಯೇ ಕಾಣದಷ್ಟು ನೀಲಿ ನೀರು, ತೊಡೆ ಗಾತ್ರದ ಸಾಲ್ಮನ್ ಎತ್ತಿ ಹಿಡಿದು ನಗುತ್ತಿದ್ದಾನೆ. ನೋಡಲಿಕ್ಕೆ ಚೆಂದ. ನೋಡಿದವರಿಗೆ 'ನಮ್ಮಲ್ಲೂ ಮಾಕಣಿ ಧರಣ ಇದೆಯಲ್ಲ, ನಾವ್ಯಾಕೆ ಹೋಗಬಾರದು' ಅನ್ನಿಸುವುದು ಸಹಜ.

ಹೋಗಬಹುದು. ಆದರೆ ಆ ವಿಡಿಯೊದಲ್ಲಿ ಕಾಣದ ಸಂಗತಿ ಒಂದಷ್ಟಿದೆ. ಸಾಲ್ಮನ್, ಟ್ರೌಟ್ ಎರಡೂ ತಣ್ಣೀರಿನ ಜೀವ. ಹನ್ನೆರಡು ಡಿಗ್ರಿಯ ಆಸುಪಾಸಿನ ನೀರು ಅವಕ್ಕೆ ಹಿತ. ಬೇಸಿಗೆಯಲ್ಲಿ ಮೇಲಿನ ನೀರು ಕಾದ ಕೂಡಲೇ ಅವು ಆಳಕ್ಕೆ ಇಳಿಯುತ್ತವೆ. ಇಳಿಯಲು ಅಲ್ಲಿ ಜಾಗವಿದೆ: ಮಿಶಿಗನ್ ಸರೋವರದ ಅತಿ ಆಳದ ಜಾಗ 281 ಮೀಟರ್. ಅಲ್ಲಿ ಕಾದ ನೀರು ಮೇಲೆ, ತಣ್ಣೀರು ಕೆಳಗೆ, ನಡುವೆ ಗೆರೆ ಎಳೆದ ಹಾಗೆ ಬೇರೆಯಾಗಿ ನಿಲ್ಲುತ್ತವೆ. ಕೆಳಗಿನ ತಣ್ಣೀರಿನಲ್ಲಿ ಉಸಿರಿಗೂ ಕೊರತೆಯಿಲ್ಲ. ದೋಣಿಯವರು ತಂತಿಗೆ ಭಾರದ ಸೀಸದ ಗುಂಡು ಕಟ್ಟಿ, ಗಾಳವನ್ನು ಆ ತಣ್ಣನೆಯ ಪದರದವರೆಗೆ ಇಳಿಸಿ, ಎಂಜಿನ್ ನಿಧಾನಕ್ಕೆ ಓಡಿಸುತ್ತ ಮೈಲುಗಟ್ಟಲೆ ಎಳೆದುಕೊಂಡು ಹೋಗುತ್ತಾರೆ. ಎಷ್ಟು ಆಳದಲ್ಲಿ ಎಷ್ಟು ಡಿಗ್ರಿ ಎಂದು ಹೇಳುವ ಯಂತ್ರವಿದೆ, ಮೀನು ಎಲ್ಲಿದೆ ಎಂದು ತೋರಿಸುವ ಪರದೆಯಿದೆ. ಹುಡುಗನ ನಗುವಿನ ಹಿಂದೆ ಇಷ್ಟೆಲ್ಲ ಸರಂಜಾಮು ಇದೆ.

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಆ ಸಾಲ್ಮನ್ ಆ ಸರೋವರದ್ದೇ ಅಲ್ಲ. ಅದು ಪೆಸಿಫಿಕ್ ಸಾಗರದ ಕಡೆಯ ಮೀನು. ಅಟ್ಲಾಂಟಿಕ್ ಕಡೆಯಿಂದ ಕಾಲುವೆ ಹಿಡಿದು ಬಂದ ಏಲ್‌ವೈಫ್ ಎಂಬ ಸಣ್ಣ ಮೀನು ಸರೋವರದಲ್ಲಿ ಮಿತಿಮೀರಿ ಹೆಚ್ಚಿ, ಸತ್ತು ದಂಡೆಯಲ್ಲಿ ರಾಶಿ ಬೀಳತೊಡಗಿದಾಗ, ಅದನ್ನು ತಿನ್ನಲೆಂದು ಮಿಶಿಗನ್ ರಾಜ್ಯದವರು 1966ರಲ್ಲಿ ಕೋಹೋ ಸಾಲ್ಮನ್ ಮರಿ ತಂದು ಬಿಟ್ಟರು. ಮರುವರ್ಷ ಚಿನೂಕ್ ಸಾಲ್ಮನ್ ಬಿಟ್ಟರು. ಯಾರೋ ದುಡ್ಡು ಹಾಕಿ, ಮರಿ ಬಿಟ್ಟು, ಬೆಳೆಯಲು ಬಿಟ್ಟ ಮೀನು ಅದು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮ ದೇಶದಲ್ಲೂ ಟ್ರೌಟ್ ಇದೆ, ಇಲ್ಲವೆಂದಲ್ಲ. ಬ್ರಿಟಿಷರು ತಂದು ಬಿಟ್ಟದ್ದು ಕಾಶ್ಮೀರದಲ್ಲಿ, ಹಿಮಾಚಲದಲ್ಲಿ, ನೀಲಗಿರಿಯಲ್ಲಿ, ಮುನ್ನಾರಿನ ಮೇಲಿನ ಹಳ್ಳಗಳಲ್ಲಿ ಇಂದಿಗೂ ಉಂಟು. ನಮ್ಮ ಉಮರ್ಗಾದ ಮೇ ತಿಂಗಳ ನೀರಿಗೆ ಅದನ್ನು ತಂದು ಬಿಟ್ಟರೆ ಮಧ್ಯಾಹ್ನದೊಳಗೆ ಸಾರಿಗೆ ತಯಾರು.

ಈಗ ನಮ್ಮ ನೀರಿನ ಮಾತು. ತೇರಣಾ ಹೊಳೆಗೆ ಮಾಕಣಿಯಲ್ಲಿ ಕಟ್ಟಿದ ನಿಮ್ನ ತೇರಣಾ ಧರಣ. ಮಾಕಣಿ ಈಗ ಲೋಹಾರಾ ತಾಲೂಕು, ಮೊದಲು ನಮ್ಮ ಉಮರ್ಗಾ ತಾಲೂಕೇ. ಉದಗೀರ ಕಡೆಯವರಿಗೆ ತಿರು ಧರಣ. ನಿಲಂಗಾದವರಿಗೆ ಮಾಂಜ್ರಾ, ತೇರಣಾ ಮೇಲೆ ಸಾಲಾಗಿ ಕಟ್ಟಿದ ಬ್ಯಾರೇಜುಗಳು. ಗಡಿ ದಾಟಿ ಭಾಲ್ಕಿಗೆ ಹೋದರೆ ಕಾರಂಜಾ. ಇವೆಲ್ಲ ದಖನಿನ ಬಯಲು ಸೀಮೆಯಲ್ಲಿ ಮಣ್ಣಿನ ಕಟ್ಟೆ ಹಾಕಿ ನಿಲ್ಲಿಸಿದ ನೀರು. ಗುಡ್ಡದ ಕಣಿವೆಯ ಆಳ ಇಲ್ಲಿಲ್ಲ. ಹಿಟ್ಟು ನಾದುವ ಪರಾತದ ಹಾಗೆ ಅಗಲ ಹೆಚ್ಚು, ಆಳ ಕಡಿಮೆ. ಬೇಸಿಗೆಯಲ್ಲಿ ನೀರು ಇಳಿದಂತೆ ದಂಡೆ ಹಿಂದಕ್ಕೆ ಸರಿದು ಹೋಗಿ, ಬಿರುಕು ಬಿಟ್ಟ ಕೆಸರಿನ ಬಯಲು ಫರ್ಲಾಂಗುಗಟ್ಟಲೆ ಬಿದ್ದಿರುತ್ತದೆ. ಬಿಸಿಲು ನಲವತ್ತು ಡಿಗ್ರಿ ದಾಟಿದ ಮೇಲೆ ಇಂಥ ನೀರು ಕಾಯದೆ ಏನು ಮಾಡೀತು? ತಣ್ಣೀರಿನ ಪದರ ಹುಡುಕಿ ಮೀನು ಆಳಕ್ಕೆ ಇಳಿಯುವ ಮಾತು ಇಲ್ಲಿಲ್ಲ. ತಳದಲ್ಲಿ ಇರುವುದು ಕೊಳೆಯುವ ಕೆಸರು. ಅದು ಇದ್ದಬದ್ದ ಉಸಿರನ್ನೂ ಹೀರಿಕೊಳ್ಳುತ್ತದೆ.

ಶಾಲೆಯಲ್ಲಿ ಪಾಠ ಮಾಡಿದವನು, ಅಂಕಿ ಹೇಳದೆ ಬಿಡಲಾರೆ. ಹತ್ತು ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಹೆಚ್ಚೆಂದರೆ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಕರಗಿ ನಿಲ್ಲುತ್ತದೆ. ಮೂವತ್ತು ಡಿಗ್ರಿಯ ನೀರಿನಲ್ಲಿ ಸುಮಾರು ಏಳೂವರೆ. ಇದು ಹೆಚ್ಚೆಂದರೆ ಸಿಗುವ ಲೆಕ್ಕ. ನೀರಿನಲ್ಲಿ ಹಸಿರು ಪಾಚಿ ದಟ್ಟವಾಗಿದ್ದರೆ ಹಗಲು ಅದು ಆಮ್ಲಜನಕ ಬಿಡುತ್ತದೆ, ರಾತ್ರಿಯಿಡೀ ತಾನೇ ಬಳಸುತ್ತದೆ. ಹೀಗಾಗಿ ನೀರಿನ ಉಸಿರು ತೀರಾ ಕಡಿಮೆಯಾಗಿರುವುದು ಬೆಳಗಿನ ಜಾವಕ್ಕೆ. ಆ ಹೊತ್ತಿಗೆ ದಂಡೆಯಲ್ಲಿ ನಿಂತು ನೋಡಿದರೆ ನೀರಿನ ಮೇಲೆಲ್ಲ ಮೀನಿನ ಬಾಯಿ ಕಾಣುತ್ತವೆ, ಪಚಪಚ ಸದ್ದು ಕೇಳುತ್ತದೆ. ಹೊಸಬರು ಕುಣಿದಾಡುತ್ತಾರೆ: ಮೀನು ಮೇಲೆ ಬಂತು, ಹಸಿದಿದೆ, ಗಾಳ ಹಾಕು! ಅವು ಹಸಿದು ಬಂದಿರುವುದಿಲ್ಲ, ಉಸಿರಾಡಲು ಬಂದಿರುತ್ತವೆ. ಏದುಸಿರು ಬಿಡುವ ಮೀನು ನಿಮ್ಮ ತಗಡಿನ ಮೀನನ್ನು ತಿರುಗಿಯೂ ನೋಡದು. ಆಗ ಬೀಸುಬಲೆ ಎಸೆದರೆ ಮಾತ್ರ ಬುಟ್ಟಿಗಟ್ಟಲೆ ಬರುತ್ತದೆ. ಹಾಗೆ ಹಿಡಿಯುವವರೂ ಇದ್ದಾರೆ. ಅಂಥವರ ಜೊತೆ ಹೋಗಬೇಡಿ.

ಆದ್ದರಿಂದ ಎಲ್ಲ ಪುಸ್ತಕದಲ್ಲೂ ಇರುವ 'ನಸುಕಿನಲ್ಲೇ ಹೋಗು' ಎಂಬ ಮಾತು ನಮ್ಮ ಮೇ ತಿಂಗಳಿಗೆ ಅಷ್ಟಾಗಿ ಹೊಂದುವುದಿಲ್ಲ. ಸೂರ್ಯ ಒಂದಾಳು ಮೇಲೇರಲಿ, ನೀರಿಗೆ ಉಸಿರು ಬರಲಿ. ಏಳು ಗಂಟೆಗೆ ದೋಣಿ ಬಿಟ್ಟರೆ ಸಾಕು. ಹತ್ತೂವರೆಗೆ ದಂಡೆಯಲ್ಲಿರಬೇಕು. ಆಮೇಲಿನ ಬಿಸಿಲಿನಲ್ಲಿ ಮೀನೂ ತಿನ್ನುವುದಿಲ್ಲ, ನೆರಳಿಲ್ಲದ ನೀರಿನ ಮೇಲೆ ಕೂತ ನಿಮ್ಮ ತಲೆಯೂ ನೆಟ್ಟಗಿರುವುದಿಲ್ಲ.

ಗಾಳಕ್ಕೆ ಏನು ಕಟ್ಟಬೇಕು? ನಿಮ್ಮ ಡಬ್ಬಿ ಮನೆಯಲ್ಲಿರಲಿ. ಸಾಲ್ಮನ್ ಬೇಟೆಗಾರ ಮೀನು, ಮುಂದೆ ಹೊಳೆಯುತ್ತ ಓಡಿದ್ದನ್ನು ಬೆನ್ನಟ್ಟಿ ಕಚ್ಚುತ್ತದೆ. ನಮ್ಮ ಧರಣದಲ್ಲಿ ಹೆಚ್ಚಿಗೆ ಇರುವುದು ಕಾಟ್ಲಾ, ರೋಹು, ಮೃಗಾಲ್. ಕಾಟ್ಲಾ ನೀರಿನ ಮೇಲ್ಭಾಗದಲ್ಲಿ ಬಾಯಿ ತೆರೆದು ನೀರು ಸೋಸಿ ತಿನ್ನುವಂಥದ್ದು. ರೋಹು ನಡುನೀರಿನದು, ಮೃಗಾಲ್ ತಳದ್ದು. ಇವು ಯಾವುದನ್ನೂ ಬೆನ್ನಟ್ಟುವುದಿಲ್ಲ. ವಾಸನೆಗೆ ಬರುತ್ತವೆ. ಶೇಂಗಾ ಹಿಂಡಿ, ಗೋಧಿ ಹಿಟ್ಟು, ಸ್ವಲ್ಪ ಹುರಿದ ಕಡ್ಲೆಹಿಟ್ಟು ಸೇರಿಸಿ ಗಟ್ಟಿಯಾಗಿ ನಾದಿ, ನೆಲ್ಲಿಕಾಯಿ ಗಾತ್ರದ ಉಂಡೆ ಮಾಡಿ. ಕುಸುಬಿ ಹಿಂಡಿ ಆದರೂ ನಡೆಯುತ್ತದೆ. ಬೆಂಡು ಕಟ್ಟಿ ಇಳಿಬಿಟ್ಟು ಸುಮ್ಮನೆ ಕೂರಬೇಕು. ರೋಹು ಒಮ್ಮೆಲೇ ನುಂಗುವುದಿಲ್ಲ, ಮುಟ್ಟಿ ಮುಟ್ಟಿ ನೋಡುತ್ತದೆ. ಬೆಂಡು ನಡುಗಿದ ಕೂಡಲೇ ಎಳೆಯುವವನಿಗೆ ಬರಿ ಗಾಳ ಬರುತ್ತದೆ. ಬೆಂಡು ಮಲಗಿಕೊಂಡು ಹೊರಟಿತು ಎಂದಾಗ ಎಳೆಯಿರಿ.

ಸಾಯಪ್ರಿನಸ್ ಅಂತ ನಾವು ಕರೆಯುವ ಗೆಂಡೆಯೂ ಇದೆ. ಅದರ ಮೂಲ ಯುರೋಪು, ಚೀನಾ ಕಡೆ. ಅದಕ್ಕೆ ಎರೆಹುಳ ಇಷ್ಟ, ಕೆಸರು ಇಷ್ಟ. ಜಿಲೇಬಿ ಮೀನಿನ ಮಾತಂತೂ ಕೇಳಲೇಬೇಡಿ. 1952ರಲ್ಲಿ ಆಫ್ರಿಕಾ ಮೂಲದ ಆ ಮೀನನ್ನು ದೇಶಕ್ಕೆ ತಂದರು. ಒಮ್ಮೆ ನೀರಿಗೆ ಬಿತ್ತೆಂದರೆ ತೆಗೆದು ಹಾಕುವ ಮಾತಿಲ್ಲ, ಉಳಿದ ಮರಿಗಳ ಮೇವನ್ನೂ ತಾನೇ ತಿನ್ನುತ್ತದೆ. ಜಿಲೇಬಿ ಎಷ್ಟು ಬೇಕಾದರೂ ಹಿಡಿಯಿರಿ, ನನ್ನ ತಕರಾರಿಲ್ಲ. ಮೀನುಗಾರರ ಸಂಘದವರ ತಕರಾರೂ ಇರಲಾರದು.

ಬೇಟೆಗಾರ ಮೀನೇ ಬೇಕು ಎನ್ನುವವರಿಗೆ ಎರಡಿವೆ. ಒಂದು ಬಾಳೆ ಮೀನು, ಮರಾಠಿಯವರ ಶಿವಡಾ. ಉದ್ದಕ್ಕೆ ಬೆಳೆಯುತ್ತದೆ, ಬಾಯಿ ತುಂಬ ಹಲ್ಲು, ಚಿಕ್ಕ ಮೀನು ಕಟ್ಟಿದರೆ ಹಾರಿ ಹಿಡಿಯುತ್ತದೆ. ಮೊದಲಿನಷ್ಟು ಈಗ ಕಾಣಸಿಗುವುದಿಲ್ಲ. ಸಿಕ್ಕರೆ ಬಿಟ್ಟುಬಿಡಿ ಎಂದು ನಾನು ಹೇಳುತ್ತೇನೆ; ನಿಮ್ಮ ಕಾಕಾ ಒಪ್ಪುವುದಿಲ್ಲ, ಅದು ಅವನ ಮಾತು. ಇನ್ನೊಂದು ಮರಳ. ಬೀದರ್ ದಾಟಿ ತೆಲಂಗಾಣಕ್ಕೆ ಹೋದರೆ ಅದನ್ನೇ ಕೊರಮೀನು ಎಂದು ಬಂಗಾರದ ಬೆಲೆಗೆ ಮಾರುತ್ತಾರೆ. ಇದು ಜಾಣ ಮೀನು. ನೀರಿನ ಉಸಿರು ಮುಗಿದರೆ ಮೇಲೆ ಬಂದು ನಮ್ಮ ಹಾಗೆ ಗಾಳಿ ನುಂಗುತ್ತದೆ, ಆದ್ದರಿಂದ ಬೇಸಿಗೆಯ ಕೆಸರಿನಲ್ಲೂ ಬದುಕಿ ಉಳಿಯುತ್ತದೆ. ದಂಡೆಯ ಜೊಂಡಿನ ಹತ್ತಿರ ಅಂಗೈಯಗಲ ಕೆಂಪು ಮರಿಗಳ ಹಿಂಡು ಒಟ್ಟೊಟ್ಟಾಗಿ ಏಳುತ್ತ ಮುಳುಗುತ್ತ ಇರುವುದು ಕಂಡರೆ, ಅದರ ಕೆಳಗೆ ತಾಯಿ-ತಂದೆ ಕಾವಲು ಇರುತ್ತವೆ. ಹಿಂಡಿನ ನಡುವೆ ಕಪ್ಪೆ ಕಟ್ಟಿದ ಗಾಳ ಬಿಟ್ಟರೆ ಮರಿಗೆ ಅಪಾಯ ಬಂತೆಂದು ದೊಡ್ಡದು ಎರಗುತ್ತದೆ, ಹಿಡಿಯುವುದು ಬಹಳ ಸುಲಭ. ಆ ಹಿರಿಯ ಮೀನನ್ನು ಎತ್ತಿದಿರೋ, ಇಡೀ ಹಿಂಡು ಸಂಜೆಯೊಳಗೆ ಬೇರೆ ಮೀನಿನ ಹೊಟ್ಟೆಗೆ. ಅದನ್ನು ಮಾಡಬಾರದು. ಇದರಲ್ಲಿ ನಿಮ್ಮ ಕಾಕಾನೂ ನನ್ನ ಪರವೇ.

ದೋಣಿಯ ವಿಷಯಕ್ಕೆ ಬಂದೆ. ಇಲ್ಲಿ ನಿಮಗೆ ಸಿಗುವುದು ಏನು? ಸಂಘದವರ ಹತ್ತಿರ ಒಂದೆರಡು ತಗಡಿನ ಹೋಡಿ ಇರುತ್ತವೆ. ಬಡ ಮೀನುಗಾರರು ಹೋಗುವುದು ಥರ್ಮೊಕೋಲ್ ಹಲಗೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹಗ್ಗ ಬಿಗಿದ ತೆಪ್ಪದ ಮೇಲೆ, ಇಲ್ಲವೆ ಲಾರಿ ಟ್ಯೂಬಿನ ಮೇಲೆ. ಆ ತೆಪ್ಪ ಮುಳುಗುವುದಿಲ್ಲ ನಿಜ, ಆದರೆ ಹಗುರ. ಅದರ ಮೇಲೆ ಹುಟ್ಟು ಹಾಕುವವನು ಹುಟ್ಟಿದಾಗಿನಿಂದ ನೀರಿನಲ್ಲಿ ಇದ್ದವನು. ಸೊಂಟ ಎಲ್ಲಿ ತಿರುಗಿಸಬೇಕು, ಭಾರ ಯಾವ ಕಾಲಿಗೆ ಬಿಡಬೇಕು ಎಂದು ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ. ನೀವು ಜಿಮ್ಮಿನಲ್ಲಿ ಎಷ್ಟು ಕಿಲೋ ಎತ್ತಿದರೂ ಇಲ್ಲಿ ಉಪಯೋಗಕ್ಕಿಲ್ಲ. ಹೋಡಿಯಲ್ಲೇ ಹೋಗಿ, ಸಂಘದ ಒಬ್ಬನನ್ನು ಜೊತೆಗೆ ಕರೆದುಕೊಂಡೇ ಹೋಗಿ, ಅವನ ದಿನದ ಕೂಲಿ ಕೊಟ್ಟು. ಲೈಫ್ ಜಾಕೆಟ್ ಹಾಕಿಕೊಂಡೇ ದೋಣಿ ಹತ್ತಬೇಕು. ಕೂತ ಮೇಲೆ ಹಾಕಿಕೊಳ್ಳುತ್ತೇನೆ ಎಂದವನನ್ನು ದಂಡೆಯಲ್ಲೇ ಬಿಟ್ಟು ಹೊರಡಿ. ಅಂಬಿಗರ ಚೌಡಯ್ಯ ಬಾಳಿದ ಕಲ್ಯಾಣ ಇಲ್ಲಿಂದ ದೂರವಿಲ್ಲ. ಅವನ ಹೆಸರು ಹೇಳಿಕೊಳ್ಳುವ ನಮ್ಮ ಜನ ಸೊಕ್ಕಿನವನನ್ನು ದೋಣಿ ಹತ್ತಿಸಿಕೊಳ್ಳುತ್ತಿರಲಿಲ್ಲ.

ಗಾಳಿಯ ಮಾತನ್ನು ಸ್ವಲ್ಪ ನಿಧಾನಕ್ಕೆ ಕೇಳಿ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಮೇಲೆ ಬರುವ ಅವಕಾಳಿ ಮಳೆ ಎಂಥದ್ದೆಂದು ಮಾವಿನ ತೋಟದವರನ್ನು ಕೇಳಬೇಕು. 2024ರ ಮೇ 21ರ ಸಂಜೆ ಸೋಲಾಪುರ ಜಿಲ್ಲೆಯ ಉಜನಿ ಧರಣದಲ್ಲಿ ಆದದ್ದು ನಿಮಗೆ ನೆನಪಿರಬೇಕು. ಈ ದಂಡೆಯ ಊರಿನಿಂದ ಆ ದಂಡೆಯ ಊರಿಗೆ ಜನರನ್ನು ಕರೆದೊಯ್ಯುತ್ತಿದ್ದ ದೋಣಿ, ದಿನವೂ ಹೋಗಿ ಬರುವ ದಾರಿ, ಇದ್ದಕ್ಕಿದ್ದಂತೆ ಎದ್ದ ಬಿರುಗಾಳಿಗೆ ಮಗುಚಿತು. ಆರು ಜನ ಸತ್ತರು, ಒಬ್ಬರು ಈಜಿ ದಡ ಸೇರಿದರು. ಸತ್ತವರಲ್ಲಿ ಪುಟ್ಟ ಮಕ್ಕಳೂ ಇದ್ದರು. ಅವರು ಮೋಜಿಗೆ ಹೋದವರಲ್ಲ, ಊರಿಗೆ ಹೊರಟವರು.

ಆಳ ಕಡಿಮೆಯಿದ್ದರೆ ಅಪಾಯ ಕಡಿಮೆ ಎಂದು ನೀವು ಅಂದುಕೊಂಡಿರಬಹುದು. ತಿರುವುಮುರುವು. ಆಳದ ನೀರಿನಲ್ಲಿ ಅಲೆ ಉದ್ದಕ್ಕೆ ಏಳುತ್ತದೆ, ದೋಣಿ ಅದರ ಮೇಲೆ ಏರಿ ಇಳಿಯುತ್ತದೆ. ನಮ್ಮಂಥ ಆಳವಿಲ್ಲದ ಅಗಲದ ನೀರಿನಲ್ಲಿ ಅಲೆ ಕಡಿದಾಗಿ, ಒಂದರ ಹಿಂದೆ ಒಂದು ಬಿಡುವಿಲ್ಲದೆ ಬಂದು ಹೊಡೆಯುತ್ತದೆ. ಮೊದಲ ಅಲೆಯ ನೀರನ್ನು ಹೊರಗೆ ಚೆಲ್ಲುವುದರೊಳಗೆ ಮೂರನೆಯದು ಒಳಗಿರುತ್ತದೆ. ಗುರುತು ಕಲಿಯಿರಿ. ಸೆಕೆ ಹೆಚ್ಚಿ, ಗಾಳಿ ಪೂರ್ತಿ ನಿಂತು, ನೀರು ಎಣ್ಣೆ ಚೆಲ್ಲಿದಂತೆ ಮಿನುಗತೊಡಗಿದರೆ ಆಕಾಶದ ಅಂಚು ನೋಡಿ. ಮೋಡ ಗೋಪುರದ ಹಾಗೆ ಮೇಲಕ್ಕೆ ಬೆಳೆಯುತ್ತಿದ್ದರೆ ಗಾಳ ಸುತ್ತಿಕೊಳ್ಳಿ. ದೂರದ ದಂಡೆಯಲ್ಲಿ ಧೂಳು ಎದ್ದು, ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು ಎಂದರೆ ಗಾಳ ಸುತ್ತುವಷ್ಟೂ ವ್ಯವಧಾನವಿಲ್ಲ, ಕತ್ತರಿಸಿ ಹೊರಡಿ. ಮೋಟಾರ್ ಸೈಕಲ್ ನಿಲ್ಲಿಸಿದ ದಂಡೆಗೇ ಹೋಗಬೇಕೆಂಬ ಹಟ ಬೇಡ, ಯಾವುದು ಹತ್ತಿರವೋ ಆ ದಂಡೆ. ಎಲ್ಲರೂ ದೋಣಿಯ ತಳದಲ್ಲಿ ಕೂರಬೇಕು, ಯಾರೂ ಎದ್ದು ನಿಲ್ಲಬಾರದು. ಮಗುಚಿದರೆ ದೋಣಿಯನ್ನು ಬಿಟ್ಟು ಈಜಬಾರದು. ದಂಡೆ ಹತ್ತಿರ ಕಂಡಷ್ಟು ಹತ್ತಿರ ಇರುವುದಿಲ್ಲ. ಈಜು ಬಲ್ಲೆ ಎಂದು ಹೊರಟು ನೀರುಪಾಲಾದವರಿದ್ದಾರೆ. ಗುಡುಗು ಕೇಳಿದರೆ ನಿಮ್ಮ ಕಾರ್ಬನ್ ರಾಡು ಮಲಗಿಸಿಬಿಡಿ, ಅದರಲ್ಲಿ ಕರೆಂಟು ಹರಿಯುತ್ತದೆ.

ದೋಣಿಯವರೆಗೆ ನಡೆದು ಹೋಗುವುದೂ ಒಂದು ಕೆಲಸವೇ. ಧರಣದ ಹೊಟ್ಟೆಯಲ್ಲಿ ಹೊಲಗಳಿವೆ, ಹೊಲದಲ್ಲಿ ಬಾವಿಗಳಿವೆ. ನೀರು ತುಂಬುವ ಮೊದಲು ಆ ಬಾವಿಗಳನ್ನೆಲ್ಲ ಯಾರು ಮುಚ್ಚಿದ್ದಾರೆ? ಬೇಸಿಗೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ದೋಣಿ ತಳ್ಳಿಕೊಂಡು ಹೋಗುವವನ ಕಾಲ ಕೆಳಗೆ ಒಮ್ಮೆಲೇ ನೆಲವೇ ಇರುವುದಿಲ್ಲ. ಇದರ ಜೊತೆಗೆ ಈಗ ಹೂಳಿನ ಗುಂಡಿಗಳು. 2017ರಲ್ಲಿ ಸರಕಾರದ 'ಗಾಳಮುಕ್ತ ಧರಣ, ಗಾಳಯುಕ್ತ ಶಿವಾರ' ಯೋಜನೆ (ಮರಾಠಿಯಲ್ಲಿ ಗಾಳ ಎಂದರೆ ಹೂಳು) ಬಂದ ಮೇಲೆ ಬೇಸಿಗೆಯಲ್ಲಿ ಜೆಸಿಬಿ ಇಳಿಯುತ್ತವೆ, ರೈತರು ಟ್ರ್ಯಾಕ್ಟರಿನಲ್ಲಿ ಹೂಳು ಹೊತ್ತು ಹೊಲಕ್ಕೆ ಹಾಕುತ್ತಾರೆ. ಹೊಲಕ್ಕೂ ಒಳ್ಳೆಯದು, ಧರಣಕ್ಕೂ ಒಳ್ಳೆಯದು. ಆದರೆ ತೋಡಿದ ಜಾಗದ ಅಂಚು ಗೋಡೆಯ ಹಾಗೆ ನೆಟ್ಟಗೆ ಇಳಿದಿರುತ್ತದೆ, ಮೇಲೆ ನೀರು ಬಂದರೆ ಕಾಣುವುದಿಲ್ಲ. ಬಿದಿರು ಕೋಲು ಮುಂದೆ ಊರಿ ನೋಡಿಕೊಂಡೇ ಹೆಜ್ಜೆ ಇಡಿ. ತೂಬಿನ ಹತ್ತಿರ, ಜಾಕ್‌ವೆಲ್ಲಿನ ಹತ್ತಿರ ದೋಣಿ ಒಯ್ಯಬೇಡಿ. ಸುತ್ತಲಿನ ಊರುಗಳು ಕುಡಿಯುವುದು ಇದೇ ನೀರು. ಡೀಸೆಲ್ ಎಂಜಿನ್ ಬಾಡಿಗೆಗೆ ತರುವ ವಿಚಾರ ನಿಮ್ಮಲ್ಲಿ ಯಾರೋ ಮಾಡಿದ್ದು ಕಿವಿಗೆ ಬಿದ್ದಿದೆ. ಬೇಡ.

ಈಗ ಮೊದಲು ನೆನಪಿಡಿ ಎಂದ ಮಾತಿಗೆ ಬರುತ್ತೇನೆ. ಈ ಮೀನು ಯಾರದು? ನೀರು ಸರಕಾರದ್ದು, ಆದರೆ ಮೀನು ಹಿಡಿಯುವ ಹಕ್ಕನ್ನು ಮೀನುಗಾರರ ಸಹಕಾರಿ ಸಂಘ ಠೇವಣಿ ಕಟ್ಟಿ ಗುತ್ತಿಗೆ ಪಡೆದಿರುತ್ತದೆ. ಸಂಘದವರೆಂದರೆ ಕೋಳಿ, ಭೋಯಿ ಜಾತಿಯವರು, ನಮ್ಮ ಕಬ್ಬಲಿಗರು, ಹೊಲವಿಲ್ಲದ ಮನೆಗಳು. ಮೀನೂ ತಾನಾಗಿ ಬಂದದ್ದಲ್ಲ: ರೋಹು, ಮೃಗಾಲ್ ಮೂಲದಲ್ಲಿ ಉತ್ತರದ ದೊಡ್ಡ ನದಿಗಳವು. ಇವು ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ, ಮಳೆಗಾಲದ ಹರಿವು ಬೇಕು. ಮೊದಲೆಲ್ಲ ಗಂಗೆಯ ಕಡೆಯ ಹೊಳೆಗಳಲ್ಲಿ ಮರಿ ಸೋಸಿ, ಮಡಕೆಯಲ್ಲಿ ತುಂಬಿ ರೈಲಿನಲ್ಲಿ ತರುತ್ತಿದ್ದರು. 1957ರ ಜುಲೈ 10ರಂದು ಒಡಿಶಾದಲ್ಲಿ ಡಾ. ಹೀರಾಲಾಲ್ ಚೌಧುರಿ ಮೀನಿನ ಮೆದುಳಿನ ಬುಡದ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸುವುದರಲ್ಲಿ ಗೆದ್ದರು. ಇಂದು ಜುಲೈ 10ನ್ನು ರಾಷ್ಟ್ರೀಯ ಮೀನು ಕೃಷಿಕರ ದಿನ ಎಂದು ಆಚರಿಸುವುದು ಅದಕ್ಕೇ. ಆ ಸೂಜಿಯಿಂದಾಗಿ ಮಾಕಣಿಯಂಥ ನೀರಿಗೂ ಮೀನು ಬಂತು. ಆದರೂ ಮರಿ ಪುಕ್ಕಟೆ ಬರುವುದಿಲ್ಲ. ಸಂಘದವರು ಮತ್ಸ್ಯಬೀಜ ಕೊಂಡು, ಬೋಟುಕಲಿ ಆಗುವವರೆಗೆ, ಅಂದರೆ ಬೆರಳುದ್ದ ಬೆಳೆಯುವವರೆಗೆ ಸಾಕಿ, ಮಳೆಗಾಲ ಮುಗಿಯುವ ಹೊತ್ತಿಗೆ ಧರಣಕ್ಕೆ ಬಿಡುತ್ತಾರೆ. ಅದಕ್ಕಿಂತ ಚಿಕ್ಕದನ್ನು ಬಿಟ್ಟರೆ ಬಾಳೆ ಮೀನಿಗೆ ತಿಂಡಿ ಹಾಕಿದಂತೆ. ನಾನು ಶಾಲೆ ಮುಗಿಸಿ ಬಂದು ಸಂಘದ ಲೆಕ್ಕ ಬರೆದವನು. ಮರಿಗೆ ಹೋದ ಹಣ, ಬಲೆಗೆ ಹೋದ ಹಣ, ಸಾಲದ ಬಡ್ಡಿ, ಎಲ್ಲ ಕಳೆದು ಒಬ್ಬೊಬ್ಬ ಸದಸ್ಯನ ಪಾಲಿಗೆ ಏನು ಉಳಿಯುತ್ತಿತ್ತು ಎಂದು ಹೇಳಿದರೆ ನಿಮ್ಮ ಒಂದು ರೀಲಿನ ಬೆಲೆಗೂ ಸಾಲದು.

ಮಳೆ ಕೈಕೊಟ್ಟ ವರ್ಷ ಅದೂ ಇಲ್ಲ. ಮೀರಜದಿಂದ ಹೊರಟ ನೀರಿನ ರೈಲು 2016ರ ಏಪ್ರಿಲ್ 12ರಂದು ಲಾತೂರು ತಲುಪಿತಲ್ಲ, ಹತ್ತು ವ್ಯಾಗನ್ನು, ಒಂದೊಂದರಲ್ಲಿ ಐವತ್ತು ಸಾವಿರ ಲೀಟರು, ಟಿವಿಯವರೆಲ್ಲ ಬಂದಿದ್ದರು. ಆಗ ಊರಿನ ಕೊಡದ ಮಾತೇ ಎಲ್ಲರ ಬಾಯಲ್ಲಿ ಇತ್ತು, ಇರಬೇಕಾದದ್ದೇ. ಧರಣದ ತಳ ಕಂಡಾಗ ಮೀನುಗಾರನ ಎರಡು ವರ್ಷದ ಸಂಪಾದನೆ ಕೆಸರಿನಲ್ಲಿ ಒಣಗಿದ್ದು ಯಾವ ಟಿವಿಯಲ್ಲೂ ಬರಲಿಲ್ಲ.

ಅದಕ್ಕೇ ಹೇಳುವುದು: ಸಂಘದ ಕಚೇರಿಗೆ ಹೋಗಿ, ಕೇಳಿ, ರಸೀದಿ ಪಡೆದು ಗಾಳ ಹಾಕಿ. ಹಿಡಿದದ್ದನ್ನು ಅವರ ತಕ್ಕಡಿಗೆ ಇಟ್ಟು, ತೂಕದ ಹಣ ಕೊಟ್ಟು ಮನೆಗೆ ತನ್ನಿ. 'ಎರಡು ಮೀನಿಗೆ ಎಂಥ ರಸೀದಿ ಮುತ್ಯಾ' ಎನ್ನಬೇಡಿ. ಎರಡೆರಡು ಎಂದುಕೊಂಡು ಬರುವವರು ಬೇಸಿಗೆಯ ಭಾನುವಾರ ದಂಡೆಯ ತುಂಬ ಇರುತ್ತಾರೆ. ಒಂದು ಕಿಲೋಗಿಂತ ಕಡಿಮೆ ತೂಗುವ ಕಾಟ್ಲಾ, ರೋಹು ಬಂದರೆ ಕೈ ಒದ್ದೆ ಮಾಡಿಕೊಂಡು ಗಾಳ ಬಿಡಿಸಿ ನೀರಿಗೆ ಬಿಡಿ. ಒಣ ಕೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಕಿತ್ತು ಹೋಗಿ ಹುಣ್ಣಾಗುತ್ತದೆ. ಬಿಸಿ ನೀರಿನಲ್ಲಿ ಬಹಳ ಹೊತ್ತು ಆಡಿಸಿ ದಣಿಸಿದ ಮೀನು ಬಿಟ್ಟರೂ ಬದುಕುವುದಿಲ್ಲ. ವಿಡಿಯೊಕ್ಕಾಗಿ ಎಳೆದಾಡಿಸುವುದು, ಎತ್ತಿ ಹಿಡಿದು ನಿಲ್ಲುವುದು ಬೇಡ. ಸಿಡಿಮದ್ದು, ವಿಷ, ಬ್ಲೀಚಿಂಗ್ ಪುಡಿಯ ಮಾತು ಯಾರಾದರೂ ಎತ್ತಿದರೆ ಅಲ್ಲಿಂದ ಎದ್ದು ಬನ್ನಿ. ನೀರಿಗೆ ಸಿಡಿಮದ್ದು, ವಿಷ ಹಾಕಿ ಮೀನು ಕೊಲ್ಲುವುದನ್ನು ಅಪರಾಧ ಎಂದು ಕಾಯಿದೆ ಬರೆದದ್ದು 1897ರಲ್ಲಿ, ಬ್ರಿಟಿಷರ ಕಾಲಕ್ಕೆ.

ಇನ್ನೊಂದು, ಮಿರಗ. ಜೂನ್ ಮೊದಲ ವಾರ ದಾಟಿ ಮೃಗಶಿರಾ ಕೂಡುತ್ತಲೇ ಹೈದರಾಬಾದ್, ತೆಲಂಗಾಣದ ಕಡೆ ಮೀನು ತಿನ್ನಲೇಬೇಕೆಂಬ ರೂಢಿ. ಆ ದಿನಗಳಲ್ಲಿ ಬೆಲೆ ಏರುತ್ತದೆ, ವ್ಯಾಪಾರಿಗಳು ಬೀದರ್ ದಾಟಿ ನಮ್ಮ ಸೀಮೆಗೂ ಹುಡುಕಿಕೊಂಡು ಬರುತ್ತಾರೆ. ಹೊಳೆಗೆ ಹೊಸನೀರು ಬರುವುದೂ ಆಗಲೇ. ಮೊದಲ ಕೆಂಪು ನೀರಿನ ವಾಸನೆಗೆ ಮೀನು ಮೇಲಕ್ಕೆ ಏರಲು ನೋಡುತ್ತವೆ, ಹಳ್ಳದ ಬಾಯಿಗೆ ಬಂದು ಒತ್ತುತ್ತವೆ. ಹೊಟ್ಟೆ ತುಂಬ ಮೊಟ್ಟೆ. ಧೋತರ ಅಡ್ಡ ಹಿಡಿದರೂ ಸಿಗುತ್ತವೆ. ಬೇಸಿಗೆಯ ಇಕ್ಕಟ್ಟನ್ನು, ಏದುಸಿರನ್ನು, ಬಲೆಯನ್ನು, ಕೊಕ್ಕರೆಯನ್ನು ದಾಟಿ ಅಲ್ಲಿಯವರೆಗೆ ಬಂದ ಮೀನು ಅವು. ಮೊದಲ ನೀರು ಬಂದ ದಿನದಿಂದ ಹೊಳೆ ತಿಳಿಯಾಗುವವರೆಗೆ ನಿಮ್ಮ ರಾಡು ಅಟ್ಟದ ಮೇಲಿರಲಿ. ಅಷ್ಟರೊಳಗೆ ನಿಮ್ಮ ಕಾಲೇಜೂ ಶುರುವಾಗಿರುತ್ತದೆ, ಚಿಂತೆಯಿಲ್ಲ.

ಹಿಡಿದ ಮೀನನ್ನು ಬಿಸಿಲಿನಲ್ಲಿ ದೋಣಿಯ ತಳದಲ್ಲಿ ಬಿಡಬೇಡಿ. ಈ ಸೆಕೆಗೆ ಎರಡು ತಾಸಿನಲ್ಲಿ ಹೊಟ್ಟೆ ಮೆತ್ತಗಾಗಿ ವಾಸನೆ ಹಿಡಿಯುತ್ತದೆ. ಐಸು ಇದ್ದರೆ ಸರಿ. ಇಲ್ಲದಿದ್ದರೆ ದಂಡೆಯಲ್ಲೇ ಕಿವಿರು, ಕರುಳು ತೆಗೆದು, ತೊಳೆದು, ಒದ್ದೆ ಗೋಣಿಚೀಲದಲ್ಲಿ ಸುತ್ತಿ ಗಾಳಿಯಾಡುವಂತೆ ಕಟ್ಟಿ ತನ್ನಿ. ಸಂತೆಗೆ ಹೊತ್ತು ಮಾರುತ್ತಿದ್ದ ನಮ್ಮವ್ವ ಹೀಗೆಯೇ ತರುತ್ತಿದ್ದಳು, ಒಮ್ಮೆಯೂ ಗಿರಾಕಿ ಮರಳಿಸಿದ್ದು ನನಗೆ ನೆನಪಿಲ್ಲ. ಕರುಳು, ಪೊರೆಯನ್ನು ನೀರಿಗೆ ಎಸೆಯಬೇಡಿ, ಗುಂಡಿ ತೋಡಿ ಮುಚ್ಚಿ. ಮೃಗಾಲಿನಲ್ಲಿ ಮುಳ್ಳು ಹೆಚ್ಚು, ಅದನ್ನು ನಿಮ್ಮ ಕಾಕಿಗೆ ಕೊಡಿ, ಹುಣಸೆಹುಳಿ, ಶೇಂಗಾ ಪುಡಿ ಹಾಕಿ ಸಾರು ಮಾಡುತ್ತಾಳೆ, ಜೋಳದ ರೊಟ್ಟಿಗೆ ಅದೇ ರುಚಿ. ಜಿಲೇಬಿಯನ್ನು ನೀವೇ ಹುರಿದುಕೊಳ್ಳಿ.

ನಾಳೆ ನಿಮ್ಮ ಜೊತೆ ಬರುವ ಸಂಘದವನಿಗೆ ನಾನು ಹೇಳಿಟ್ಟಿದ್ದೇನೆ. ಆರಕ್ಕೆ ಎದ್ದು ಹಿಂಡಿ ನಾದಿಕೊಳ್ಳಿ, ಬೇಕಾದ್ದಕ್ಕಿಂತ ಹೆಚ್ಚು ಮಾಡಬೇಡಿ. ಮೀನು ಕರೆಯಲೆಂದು ಬುಟ್ಟಿಗಟ್ಟಲೆ ಹಿಂಡಿಯನ್ನು ನೀರಿಗೆ ಸುರಿಯುವವರಿದ್ದಾರೆ. ತಿನ್ನದೆ ಉಳಿದದ್ದು ತಳದಲ್ಲಿ ಕೊಳೆತು ಇದ್ದ ಉಸಿರನ್ನೂ ತಿನ್ನುತ್ತದೆ. ಉಳಿದ ಉಂಡೆಗಳನ್ನು ಮನೆಗೇ ತನ್ನಿ, ಎಮ್ಮೆಗೆ ಹಾಕೋಣ.